ಗೇಜ್ ಅಳೆಯೋದು ಆಮ್ಲಜನಕ: ಎಇಎಂ ಎಕ್ಸ್ ಸೀರೀಸ್ ವೈಡ್‌ಬ್ಯಾಂಡ್ ವಿಮರ್ಶೆ

ಹೆಡರ್ ಹಾಕಿಸಿ, ಕೋನ್ ಫಿಲ್ಟರ್ ಕೂರಿಸಿ, ಫ್ರೀ ಫ್ಲೋ ಸೈಲೆನ್ಸರ್ ವೆಲ್ಡ್ ಮಾಡಿಸಿದ ವಾರದಲ್ಲೇ ಗಾಡಿ ಐಡ್ಲಿಂಗ್‌ನಲ್ಲಿ ಏರಿಳಿಯಲು ಶುರುಮಾಡುತ್ತದೆ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುತ್ತದೆ. ಇಂಟೇಕ್ ಕಡೆಯಿಂದ ಆಗೊಮ್ಮೆ ಈಗೊಮ್ಮೆ ಸೀನಿದ ಹಾಗೆ ಸದ್ದು ಬರುತ್ತದೆ, ಕೊನೆಗೆ ಚೆಕ್ ಎಂಜಿನ್ ದೀಪ ಹತ್ತಿ, ಮಿಶ್ರಣ ಲೀನ್ ಎಂದು ಹೇಳುವ ಪಿ0171 ಕೋಡ್ ಕೂರುತ್ತದೆ. ‘ಲೀನ್ ಓಡ್ತಾ ಇದೆ, ಒಂದು ವೈಡ್‌ಬ್ಯಾಂಡ್ ಹಾಕಿಸಿಬಿಡಿ’ ಎಂಬ ಸಲಹೆ ಆಗ ನಾಲ್ಕೂ ಕಡೆಯಿಂದ ಬರುತ್ತದೆ. ಲೀನ್ ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ; ಎಷ್ಟು ಲೀನ್, ಎಷ್ಟು ರಿಚ್ (ಪೆಟ್ರೋಲ್ ಹೆಚ್ಚು) ಎಂದು ಅಂಕಿಯಲ್ಲಿ ತೋರಿಸುವ ಸೆನ್ಸರ್ ಮತ್ತು ಗೇಜ್ ಜೋಡಿಯೇ ವೈಡ್‌ಬ್ಯಾಂಡ್. ಹಾಗೆ ಹಾಕಿಸುವವರು ಹೆಚ್ಚಾಗಿ ಕೊಳ್ಳುವ ಗೇಜ್‌ಗಳಲ್ಲಿ ಎಇಎಂ ಎಕ್ಸ್ ಸೀರೀಸ್ ಒಂದು, ಪಾರ್ಟ್ ನಂಬರ್ 30-0300.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಳತೆಯ ಸಾಧನವಾಗಿ ಇದು ಗಟ್ಟಿ ಸಾಮಾನು. ರೋಗ ಹುಡುಕುವ ಸಾಧನ ಇದೊಂದೇ ಸಾಕು ಎಂದುಕೊಂಡರೆ ಮಾತ್ರ ದುಡ್ಡು ದಂಡ. ಎಕ್ಸಾಸ್ಟ್ ಪೈಪಿನಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂಬುದನ್ನು ಅದು ನೋಡುತ್ತದೆ, ಅಷ್ಟೇ. ಪೆಟ್ರೋಲ್ ಎಷ್ಟು ಹೋಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಆ ಆಮ್ಲಜನಕ ಎಲ್ಲಿಂದ ಬಂತು ಎಂಬುದಂತೂ ಗೊತ್ತೇ ಇಲ್ಲ. ಈ ಗೇಜ್‌ನಿಂದ ಆಗುವ ಉಪಯೋಗ, ಆಗುವ ಎಡವಟ್ಟು ಎರಡೂ ಇಲ್ಲಿಂದಲೇ ಹುಟ್ಟುತ್ತವೆ.

ಪೆಟ್ಟಿಗೆಯಲ್ಲಿ 52 ಮಿ.ಮೀ. ಗೇಜ್, ಬಾಷ್ ಎಲ್‌ಎಸ್‌ಯು 4.9 ಸೆನ್ಸರ್, ವೈರಿಂಗ್, ವೆಲ್ಡ್ ಮಾಡುವ ಬಂಗ್ (ಸೆನ್ಸರ್ ತಿರುಗಿಸಿ ಕೂರಿಸುವ ಥ್ರೆಡ್ ಬಳೆ) ಇರುತ್ತವೆ. ಕಂಟ್ರೋಲರ್ ಗೇಜ್ ಒಳಗೇ ಇರುವುದರಿಂದ ಡ್ಯಾಶ್ ಹಿಂದೆ ಬೇರೆ ಡಬ್ಬಿ ಅಡಗಿಸಬೇಕಾಗಿಲ್ಲ. ನಡುವೆ ದೊಡ್ಡ ಅಂಕಿ, ಸುತ್ತ ಬಣ್ಣದ ಎಲ್‌ಇಡಿ ಸಾಲು. ಮಧ್ಯಾಹ್ನದ ಬಿಸಿಲಲ್ಲೂ ಓದಬಹುದು. ಇದರ ದೊಡ್ಡ ಅನುಕೂಲವೆಂದರೆ ಫ್ರೀ ಏರ್ ಕ್ಯಾಲಿಬ್ರೇಷನ್ ಬೇಡ. ಇದೇ 4.9 ಸೆನ್ಸರ್ ಬಳಸುವ ಇನ್ನೋವೇಟ್ ಎಂಟಿಎಕ್ಸ್-ಎಲ್ ಪ್ಲಸ್‌ನಲ್ಲಿ ಸೆನ್ಸರನ್ನು ತೆರೆದ ಗಾಳಿಯಲ್ಲಿ ಹಿಡಿದು ಕ್ಯಾಲಿಬ್ರೇಟ್ ಮಾಡಬೇಕು. ಎಇಎಂ ಮಾತ್ರ ಸೆನ್ಸರಿನ ಕನೆಕ್ಟರ್ ಒಳಗೆ ಕಾರ್ಖಾನೆಯಲ್ಲೇ ಹೊಂದಿಸಿಟ್ಟ ರೆಸಿಸ್ಟರನ್ನು ನಂಬಿ ಕೆಲಸ ಮಾಡುತ್ತದೆ. ಹಾಗಾಗಿ ವೈರ್ ಉದ್ದ ಸಾಲದೆಂದು ಆ ಕನೆಕ್ಟರನ್ನು ಕತ್ತರಿಸಿ ಬೇರೆ ಕೂರಿಸುವ ಎಲೆಕ್ಟ್ರಿಷಿಯನ್ ಕೈಗೆ ಇದನ್ನು ಕೊಡಬೇಡಿ. ಕನೆಕ್ಟರ್ ಹೋದರೆ ಆ ಸೆನ್ಸರಿನ ಲೆಕ್ಕವೂ ಅದರ ಜೊತೆ ಹೋಯಿತು.

ಕೂರಿಸುವ ಜಾಗದಲ್ಲೇ ಅರ್ಧ ಕೆಲಸ ಕೆಡುತ್ತದೆ. ನಾಲ್ಕೂ ಪೈಪು ಒಂದಾದ ಮೇಲೆ, ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ, ಹೆಡ್‌ನ ಎಕ್ಸಾಸ್ಟ್ ಬಾಯಿಂದ ಕಡಿಮೆಯೆಂದರೂ 45 ಸೆಂ.ಮೀ. ದೂರದಲ್ಲಿ ಬಂಗ್ ಬರಬೇಕು. ಟರ್ಬೊ ಇದ್ದರೆ ಟರ್ಬೊ ದಾಟಿದ ಮೇಲೆ. ಟರ್ಬೊಗಿಂತ ಮುಂಚೆ ಎಕ್ಸಾಸ್ಟ್ ಒತ್ತಡ ಹೆಚ್ಚು, ಆ ಒತ್ತಡ ರೀಡಿಂಗನ್ನೇ ತಪ್ಪಿಸುತ್ತದೆ. ಸೆನ್ಸರ್ ಮಲಗಿರಬಾರದು. ಅಡ್ಡ ಗೆರೆಯಿಂದ ಕಡಿಮೆಯೆಂದರೆ 10 ಡಿಗ್ರಿ ಎದ್ದು, ತುದಿ ಕೆಳಮುಖವಾಗಿರಬೇಕು. ಬೆಳಗಿನ ಹೊತ್ತು ಎಕ್ಸಾಸ್ಟ್ ಪೈಪಿನಲ್ಲಿ ನಿಂತ ನೀರು ಬಿಸಿ ಸೆರಾಮಿಕ್ ಮೇಲೆ ಬಿದ್ದರೆ ಅದು ಬಿರುಕು ಬಿಡುತ್ತದೆ. ಥ್ರೆಡ್ ಎಂ18×1.5, ಬಿಗಿತ 40ರಿಂದ 60 ನ್ಯೂಟನ್ ಮೀಟರ್. ಬಂಗ್ ವೆಲ್ಡ್ ಮಾಡುವಾಗ ಸೆನ್ಸರ್ ಅದರಲ್ಲಿ ಇರಬಾರದು. ಹೇಳಬೇಕಾಗಿಯೇ ಇಲ್ಲದ ಮಾತು, ಆದರೂ ಹೇಳಬೇಕಾಗುತ್ತದೆ.

ಇನ್ನೊಂದು ತಪ್ಪು ತಿಂಗಳುಗಟ್ಟಲೆ ನಡೆದ ಮೇಲೆ ಗೊತ್ತಾಗುತ್ತದೆ. ಸೆನ್ಸರನ್ನು ಪೈಪಿನಲ್ಲಿ ಬಿಟ್ಟು ಗೇಜ್‌ನ ಕರೆಂಟ್ ಮಾತ್ರ ತೆಗೆದು ಗಾಡಿ ಓಡಿಸುವುದು. ಹೀಟರ್ ಆರಿರುವ ಸೆನ್ಸರ್ ಮೇಲೆ ಮಸಿ ಕೂತು ಅದು ಸಾಯುತ್ತದೆ. ಗೇಜ್ ಬೇಡವಾದಾಗ ಸೆನ್ಸರ್ ಬಿಚ್ಚಿ ಬಂಗ್‌ಗೆ ಬಿರಡೆ ಹಾಕಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಎಂ18×1.5 ಬೋಲ್ಟ್ ಸಿಗುತ್ತದೆ, ತಾಮ್ರದ ವಾಷರ್ ಜೊತೆ ಬಿಗಿದರೆ ಸಾಕು.

ವೈರಿಂಗ್ ಸರಳ. ಕೆಂಪು ವೈರ್‌ಗೆ ಇಗ್ನಿಷನ್ ಆನ್ ಆದಾಗ ಬರುವ 12 ವೋಲ್ಟ್, 10 ಆಂಪಿಯರ್ ಫ್ಯೂಸ್ ಮೂಲಕ. ಕಪ್ಪು ವೈರ್ ಅರ್ಥ್. ಸ್ಟ್ಯಾಂಡ್‌ಅಲೋನ್ ಇಸಿಯು (ಕಂಪನಿಯದರ ಬದಲು ಹಾಕುವ, ಎಂಜಿನ್ ನಡೆಸುವ ಕಂಪ್ಯೂಟರ್) ಅಥವಾ ಲಾಗರ್ ಇದ್ದರೆ 0–5 ವೋಲ್ಟ್ ಔಟ್‌ಪುಟ್ ಬಳಸಬೇಕು. ಅದರಿಂದ ಎಎಫ್‌ಆರ್ (ಗಾಳಿ-ಇಂಧನ ಅನುಪಾತ) ಪಡೆಯುವ ಸೂತ್ರ: ವೋಲ್ಟೇಜ್ × 2.375 + 7.3125. ಅಂದರೆ 0.5 ವೋಲ್ಟ್‌ಗೆ 8.5, 4.5 ವೋಲ್ಟ್‌ಗೆ 18. ಇಲ್ಲಿ ಅರ್ಥ್ ವಿಷಯದಲ್ಲಿ ಸೋಮಾರಿತನ ಸಲ್ಲದು. ಗೇಜ್ ಡ್ಯಾಶ್‌ನ ಯಾವುದೋ ಸ್ಕ್ರೂಗೆ, ಇಸಿಯು ಎಂಜಿನ್ ಬ್ಲಾಕ್‌ಗೆ ಅರ್ಥ್ ಆಗಿದ್ದು, ಎರಡರ ನಡುವೆ 0.1 ವೋಲ್ಟ್ ವ್ಯತ್ಯಾಸ ಬಂದರೂ ಲಾಗ್‌ನಲ್ಲಿ 0.24ರಷ್ಟು ತಪ್ಪು ಎಎಫ್‌ಆರ್ ಬರೆದಿರುತ್ತದೆ. ಪರೀಕ್ಷೆ ಸುಲಭ: ಐಡ್ಲಿಂಗ್‌ನಲ್ಲಿ ಹೆಡ್‌ಲೈಟ್, ಬ್ಲೋವರ್ ಎರಡನ್ನೂ ಹಾಕಿ. ಗೇಜ್ ಮುಖದ ಅಂಕಿ ಅಲ್ಲೇ ಇದ್ದು ಲಾಗ್ ಅಂಕಿ ಸರಿದರೆ ಅದು ಅರ್ಥ್ ದೋಷ, ಲೀನ್ ಅಲ್ಲ.

ಇನ್ನು ಅಂಕಿಯ ಅರ್ಥ. ನಮ್ಮಲ್ಲಿ ಇದನ್ನು ಓದುವ ಬಗೆಯೇ ಈಗ ಬದಲಾಗಬೇಕಿದೆ, ಕಾರಣ ಎಥೆನಾಲ್. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ, ಇಂಡಿಯಾ ಎನರ್ಜಿ ವೀಕ್ ವೇದಿಕೆಯಲ್ಲಿ, ಇ20 (20% ಎಥೆನಾಲ್ ಬೆರೆಸಿದ) ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಶುದ್ಧ ಪೆಟ್ರೋಲಿಗೆ ಸರಿಯಾದ ಗಾಳಿ-ಇಂಧನ ಅನುಪಾತ 14.7, ಇ10ಕ್ಕೆ ಸುಮಾರು 14.1, ಇ20ಗೆ ಸುಮಾರು 13.5. ಗೇಜ್‌ಗೆ ಟ್ಯಾಂಕಿನಲ್ಲಿ ಏನಿದೆ ಎಂದು ತಿಳಿಯದು. ಅದು ಲ್ಯಾಂಬ್ಡಾ (ಇರುವ ಅನುಪಾತವನ್ನು ಸರಿಯಾದ ಅನುಪಾತದಿಂದ ಭಾಗಿಸಿದ ಅಂಕಿ) ಅಳೆದು, 14.7ರಿಂದ ಗುಣಿಸಿ ತೋರಿಸುತ್ತದೆ. ಟ್ಯಾಂಕಿನಲ್ಲಿ ಇ20 ಇದ್ದರೂ ಮಿಶ್ರಣ ಸರಿ ಇದ್ದಾಗ ಅದು ತೋರಿಸುವುದು 14.7 ಅನ್ನೇ. ‘ಇ20 ಅಲ್ವಾ, 13.5 ಬರಬೇಕು’ ಎಂದು ಟ್ಯೂನ್ ಮಾಡಿದರೆ ಗಾಡಿ ಲ್ಯಾಂಬ್ಡಾ 0.92ರಲ್ಲಿ ಸುಮ್ಮನೆ ಪೆಟ್ರೋಲ್ ಕುಡಿಯುತ್ತದೆ. ಗೇಜನ್ನು ಲ್ಯಾಂಬ್ಡಾ ತೋರಿಸುವ ಹಾಗೆ ಬದಲಿಸಿಕೊಂಡರೆ ಈ ಗೊಂದಲವೇ ಇಲ್ಲ. 1.00 ಎಂದರೆ ಸರಿ, ಮೇಲೆ ಹೋದರೆ ಲೀನ್, ಕೆಳಗೆ ಬಂದರೆ ರಿಚ್. ಮುಂದೆ ಎಲ್ಲ ಅಂಕಿಗಳನ್ನೂ ಲ್ಯಾಂಬ್ಡಾದಲ್ಲೇ ಕೊಟ್ಟಿದೆ.

ಇ20ಗೆ ಅಳತೆಯಲ್ಲಿ ಶುದ್ಧ ಪೆಟ್ರೋಲಿಗಿಂತ ಸುಮಾರು 7% ಹೆಚ್ಚು ಇಂಧನ ಬೇಕು, ಇ10ಕ್ಕಿಂತ ಸುಮಾರು 4%. ಹಳೆಯ ಇಂಜೆಕ್ಷನ್ ಗಾಡಿಯಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ತಾನಾಗಿ ಇಂಧನವನ್ನು ಎಷ್ಟು ಪರ್ಸೆಂಟ್ ಹೆಚ್ಚು-ಕಡಿಮೆ ಮಾಡಿದೆ ಎಂಬ ಅಂಕಿ) ಎಲ್ಲ ಸ್ಪೀಡಿನಲ್ಲೂ ಒಂದೇ ಸಮ +5, +6 ತೋರಿಸಿದರೆ ಅದು ರೋಗವಲ್ಲ, ಇಸಿಯು ಎಥೆನಾಲ್‌ಗೆ ಹೊಂದಿಕೊಂಡಿರುವ ಗುರುತು. ತೊಂದರೆ ಇರುವುದು ಫುಲ್ ಥ್ರಾಟಲ್‌ನಲ್ಲಿ. ಹಳೆಯ ಬಹುಪಾಲು ಗಾಡಿಗಳಲ್ಲಿ ಆಗ ಇಸಿಯು ಆಕ್ಸಿಜನ್ ಸೆನ್ಸರ್ ಮಾತು ಕೇಳುವುದಿಲ್ಲ, ತನ್ನ ಮ್ಯಾಪ್ (ಮೊದಲೇ ಬರೆದಿಟ್ಟ ಕೋಷ್ಟಕ) ನೋಡಿ ಇಂಧನ ಬಿಡುತ್ತದೆ. ಟ್ರಿಮ್ ಅಲ್ಲಿಗೂ ಅನ್ವಯವಾಗುತ್ತದೋ ಇಲ್ಲವೋ ಗಾಡಿಯಿಂದ ಗಾಡಿಗೆ ಬೇರೆ. ಇದನ್ನು ನೋಡುವುದಕ್ಕಂತೂ ವೈಡ್‌ಬ್ಯಾಂಡ್ ಬೇಕೇ ಬೇಕು. ಕಂಪನಿಯ ನ್ಯಾರೋಬ್ಯಾಂಡ್ ಸೆನ್ಸರ್ 0.45 ವೋಲ್ಟ್ ಆಚೆ ಈಚೆ ಜಿಗಿಯುತ್ತದೆಯೇ ಹೊರತು ಎಷ್ಟು ಲೀನ್, ಎಷ್ಟು ರಿಚ್ ಎಂದು ಹೇಳುವುದಿಲ್ಲ.

ಕಾರ್ಬ್ಯುರೇಟರ್ ಗಾಡಿಗೆ ಇ20 ಇನ್ನೂ ಒರಟು ಪೆಟ್ಟು ಕೊಡುತ್ತದೆ, ಹೊಂದಿಕೊಳ್ಳಲು ಅಲ್ಲಿ ಯಾರೂ ಇಲ್ಲವಲ್ಲ. 0.90ರಲ್ಲಿದ್ದದ್ದು 0.96ಕ್ಕೆ ಬಂದು ನಿಲ್ಲುತ್ತದೆ. ವ್ಯಾಸದ ಲೆಕ್ಕದಲ್ಲಿ ನಂಬರ್ ಇರುವ ಮೇನ್ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತು) 110 ಆಗಿದ್ದರೆ 114ರ ಆಸುಪಾಸು ಬೇಕು, ಸಿಗುವುದು 115. ಜೊತೆಗೆ ಎತ್ತರ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಜೆಟ್ ಹೊಂದಿಸಿ ಶಿರಾಡಿ ಇಳಿದು ಮಂಗಳೂರಿಗೆ ಹೋದರೆ ಗಾಳಿ ಹತ್ತು ಪರ್ಸೆಂಟ್ ದಟ್ಟ, ಮಿಶ್ರಣ ಇನ್ನೊಂದು ಐದು ಪರ್ಸೆಂಟ್ ಲೀನ್. ಬೆಂಗಳೂರಿನಲ್ಲಿ ಬೆಣ್ಣೆಯ ಹಾಗೆ ಓಡಿದ ಗಾಡಿ ಬಿ.ಸಿ. ರೋಡ್ ದಾಟುವಾಗ ಕುಟ್ಟಲು ಶುರುಮಾಡುವುದು ಹೀಗೆ.

ಗೇಜ್‌ನಲ್ಲಿ ಏನು ಬರಬೇಕು? ಬಿಸಿಯಾದ ಎಂಜಿನ್, ಐಡ್ಲಿಂಗ್ ಮತ್ತು ಸಮವೇಗದಲ್ಲಿ 1.00ರ ಆಚೀಚೆ. ಟರ್ಬೊ ಇಲ್ಲದ ಎಂಜಿನ್‌ಗೆ ಫುಲ್ ಥ್ರಾಟಲ್‌ನಲ್ಲಿ 0.86ರಿಂದ 0.90. ಬೂಸ್ಟ್‌ನಲ್ಲಿರುವ ಟರ್ಬೊ ಎಂಜಿನ್‌ಗೆ 0.78ರಿಂದ 0.82. ಕಾಲು ತೆಗೆದಾಗ ಗೇಜ್ ಲೀನ್ ತುದಿಗೆ ಹೋಗಿ ನಿಂತರೆ ಗಾಬರಿ ಬೇಡ, ಇಸಿಯು ಇಂಧನ ನಿಲ್ಲಿಸಿದೆ, ಪೈಪಿನಲ್ಲಿರುವುದು ಬರೀ ಗಾಳಿ. ಬೂಸ್ಟ್‌ನಲ್ಲಿ ಅಂಕಿ 0.90 ದಾಟಿ ಮೇಲಕ್ಕೆ ಸರಿದರೆ ಮಾತ್ರ ಕಾಲು ತಕ್ಷಣ ತೆಗೆಯಬೇಕು. ಪಿಸ್ಟನ್ ಕರಗಲು ನಿಮಿಷಗಳೇನೂ ಬೇಕಾಗಿಲ್ಲ. ಇಂಥ ಪರೀಕ್ಷೆಗೆ ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಇದೆ. ರಿಂಗ್ ರೋಡು ಇರುವುದು ಬೇರೆಯವರೂ ಮನೆಗೆ ಹೋಗಲು.

ಗೇಜ್ ಒಂದರಿಂದ ಆಗದ್ದು ಇನ್ನು ಶುರು. ಇದಕ್ಕೆ ಜೊತೆ ಒಂದು ಒಬಿಡಿ ಸ್ಕ್ಯಾನರ್ (ಇಸಿಯು ಹೇಳುವ ಅಂಕಿ, ಕೋಡ್ ಓದುವ ಸಾಧನ). ಬಿಎಸ್4 ಗಾಡಿಗಳಲ್ಲಿ 2013ರ ಏಪ್ರಿಲ್‌ನಿಂದ ಒಬಿಡಿ-2 ಕಡ್ಡಾಯವಾದ್ದರಿಂದ ಅದರ ನಂತರದ ಅಂಥ ಪೆಟ್ರೋಲ್ ಕಾರುಗಳಲ್ಲಿ ಫ್ಯುಯೆಲ್ ಟ್ರಿಮ್ ಓದಬಹುದು. ಅಗ್ಗದ ಬ್ಲೂಟೂತ್ ಇಎಲ್‌ಎಂ327 ನಕಲುಗಳೂ ಟ್ರಿಮ್ ನೋಡುವ ಮಟ್ಟಿಗೆ ನಡೆಯುತ್ತವೆ, ನಿಧಾನ ಅಷ್ಟೆ. ‘ವಿ1.5’ ಎಂದು ಬರೆದದ್ದು ನಕಲೇ ಎಂದು ಕಣ್ಣುಮುಚ್ಚಿ ಹೇಳಬಹುದು, ಮೂಲ ಕಂಪನಿ ಆ ನಂಬರಿನ ಆವೃತ್ತಿಯನ್ನು ತರಲೇ ಇಲ್ಲ. ಹಳೆಯ ಎಸ್ಟೀಮ್, ಜಿಪ್ಸಿ, ಹೋಂಡಾ ಸಿಟಿ ವಿಟೆಕ್ ಥರದ ಗಾಡಿಗಳಿಗೆ ಆ ಭಾಗ್ಯವಿಲ್ಲ. ಅಲ್ಲಿ ವೈಡ್‌ಬ್ಯಾಂಡ್‌ನ ಬೆಲೆ ನಿಜವಾಗಿ ಹೆಚ್ಚು.

ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಟ್ರಿಮ್ ಎರಡನ್ನೂ ಕೂಡಿಸಿ, ಮೂರು ಕಡೆ ಬರೆದುಕೊಳ್ಳಿ: ಐಡ್ಲಿಂಗ್, ನಿಂತಲ್ಲೇ 2500 ಆರ್‌ಪಿಎಂ, ಮತ್ತು ಮೂರನೇ ಗೇರ್‌ನಲ್ಲಿ ಏರು ಹತ್ತುವಾಗ. ಐಡ್ಲಿಂಗ್‌ನಲ್ಲಿ +20, 2500ರಲ್ಲಿ +4 ಬಂದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಎಳೆಯುವ ಬಲ ಹೆಚ್ಚು, ಎಂಜಿನ್ ಕುಡಿಯುವ ಒಟ್ಟು ಗಾಳಿ ಕಡಿಮೆ, ಹಾಗಾಗಿ ಸಣ್ಣ ತೂತೂ ದೊಡ್ಡ ಪಾಲು ಪಡೆಯುತ್ತದೆ. ತಿರುಗಾಮುರುಗಾ ಆಗಿ, ಐಡ್ಲಿಂಗ್‌ನಲ್ಲಿ ಸೊನ್ನೆ, ಏರು ಹತ್ತುವಾಗ +18 ಬಂದರೆ ಇಂಧನ ಸಾಲುತ್ತಿಲ್ಲ. ಎಲ್ಲ ಕಡೆಯೂ ಒಂದೇ ಸಮ +15 ಆದರೆ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಕಡಿಮೆ ಹೇಳುತ್ತಿದೆ, ಇಲ್ಲವೇ ಇಂಧನದ ಒತ್ತಡವೇ ಮೊದಲಿಂದ ಕಡಿಮೆ.

ಮಾಡಿಫೈ ಮಾಡಿದ ಗಾಡಿಯಲ್ಲಿ ಈ ಮಾದರಿಗೆ ಎರಡು ಅಪವಾದ ಇವೆ. ಗೇಜ್ ಹಾಕಿಸಿದವರು ಬಹುತೇಕ ಇಲ್ಲೇ ದಾರಿ ತಪ್ಪುತ್ತಾರೆ.

ಮೊದಲನೆಯದು ಎಕ್ಸಾಸ್ಟ್ ಲೀಕ್. ಹೆಡರ್ ಫ್ಲಾಂಜ್ ಸೊಟ್ಟಗಾಗಿದೆ, ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ, ಅಥವಾ ಬಂಗ್‌ನ ವೆಲ್ಡ್‌ನಲ್ಲೇ ಸೂಜಿತೂತು ಇದೆ ಎಂದುಕೊಳ್ಳಿ. ಎಕ್ಸಾಸ್ಟ್ ಒಂದೇ ಸಮನೆ ಹೊರಕ್ಕೆ ಊದುವುದಿಲ್ಲ. ಬಡಿತ ಬಡಿತವಾಗಿ ಊದುತ್ತದೆ, ನಡುವೆ ಒಳಕ್ಕೆ ಎಳೆಯುತ್ತದೆ. ಎಳೆದ ಹೊರಗಾಳಿಯ ಆಮ್ಲಜನಕ ಸೆನ್ಸರ್ ಮುಟ್ಟಿದರೆ ಗೇಜ್ ‘ಲೀನ್’ ಎನ್ನುತ್ತದೆ. ಕಂಪನಿಯ ಸೆನ್ಸರೂ ಹಾಗೇ ಹೇಳುತ್ತದೆ. ಇಸಿಯು ಪೆಟ್ರೋಲ್ ಸುರಿಯುತ್ತದೆ. ಎಂಜಿನ್ ನಿಜಕ್ಕೂ ರಿಚ್ ಓಡುತ್ತಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಇದೂ ಐಡ್ಲಿಂಗ್‌ನಲ್ಲೇ ಜೋರು, ಆರ್‌ಪಿಎಂ ಏರಿದಂತೆ ಕಡಿಮೆ. ಹಾಗಾಗಿ ಟ್ರಿಮ್ ಅಂಕಿಗಳು ಇಂಟೇಕ್ ಲೀಕ್‌ನ ಹಾಗೇ ಕಾಣುತ್ತವೆ. ಬೇರೆ ಮಾಡುವುದು ಪ್ಲಗ್. ಪಿಂಗಾಣಿ ಬಿಳುಚಿಕೊಂಡು ಐಡ್ಲಿಂಗ್ ಏರಿದ್ದರೆ ನಿಜವಾದ ಲೀನ್. ಪ್ಲಗ್ ಕಪ್ಪು, ಹೊಗೆಗೆ ಹಸಿ ಪೆಟ್ರೋಲ್ ವಾಸನೆ, ಮೈಲೇಜ್ ಕುಸಿತ, ಆದರೂ ಗೇಜ್ ಲೀನ್ ಎಂದರೆ ಹೆಡರ್ ಕಡೆ ಬಗ್ಗಿ. ತಣ್ಣಗಿರುವ ಗಾಡಿಯ ಸೈಲೆನ್ಸರ್ ಬಾಯಿಗೆ ವ್ಯಾಕ್ಯೂಮ್ ಕ್ಲೀನರ್‌ನ ಊದುವ ಕಡೆಯನ್ನು ಬಟ್ಟೆ ಸುತ್ತಿ ತೂರಿಸಿ, ಜಾಯಿಂಟ್‌ಗಳಿಗೆ ಸೋಪುನೀರು ಹಚ್ಚಿದರೆ ಗುಳ್ಳೆ ತಾನೇ ಜಾಗ ತೋರಿಸುತ್ತದೆ. ಖರ್ಚು ಒಂದು ಚಮಚ ಪಾತ್ರೆಸೋಪು. ಗೇಜ್ ಕೊಳ್ಳುವುದಕ್ಕೂ ಮುಂಚೆ ಮಾಡಬೇಕಾದ ಪರೀಕ್ಷೆ ಇದು.

ಎರಡನೆಯದು, ಗಾಡಿ ಗಾಳಿಯನ್ನು ಯಾವುದರಿಂದ ಅಳೆಯುತ್ತದೆ ಎಂಬುದು. ಮೇಲೆ ಹೇಳಿದ ಎಸ್ಟೀಮ್, ಸಿಟಿ ಗಾಡಿಗಳಲ್ಲಿ ಇರುವುದು ಎಂಎಪಿ ಸೆನ್ಸರ್, ಅಳೆಯುವುದು ಮ್ಯಾನಿಫೋಲ್ಡ್ ಒತ್ತಡವನ್ನು. ಬ್ರೇಕ್ ಬೂಸ್ಟರ್ ಪೈಪ್ ಸೀಳಿ ಗಾಳಿ ನುಗ್ಗಿದರೆ ಒತ್ತಡ ಏರುತ್ತದೆ, ಸೆನ್ಸರ್ ಅದನ್ನು ನೋಡುತ್ತದೆ, ಇಸಿಯು ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಫಲ: ಐಡ್ಲಿಂಗ್ 850ರಿಂದ 1300ಕ್ಕೆ ಏರುತ್ತದೆ, ಗೇಜ್ ಮಾತ್ರ 1.00ರಲ್ಲೇ ಶಾಂತವಾಗಿರುತ್ತದೆ. ‘ಗೇಜ್ ಸರಿ ಇದೆ, ಲೀಕ್ ಇಲ್ಲ’ ಎಂದು ಇಲ್ಲಿ ತೀರ್ಮಾನಿಸಬಾರದು. ಎಂಎಎಫ್ ಗಾಡಿಯಲ್ಲಿ ಅದೇ ತೂತು ತಕ್ಷಣ ಲೀನ್ ಆಗಿ ಕಾಣುತ್ತದೆ, ಎಂಎಎಫ್ ದಾಟಿ ನುಗ್ಗಿದ ಗಾಳಿಗೆ ಲೆಕ್ಕವೇ ಇಲ್ಲವಲ್ಲ. ಟರ್ಬೊ ಗಾಡಿಯಲ್ಲಿ ಇದೇ ತೂತು ಇಂಟರ್‌ಕೂಲರ್ ದಾಟಿದ ಮೇಲೆ, ಥ್ರಾಟಲ್ ಆಚೆ ಇದ್ದರೆ ಎರಡು ವೇಷ ಹಾಕುತ್ತದೆ: ಐಡ್ಲಿಂಗ್‌ನಲ್ಲಿ ಗಾಳಿ ಒಳಗೆ ಬಂದು ಲೀನ್, ಬೂಸ್ಟ್‌ನಲ್ಲಿ ಅಳೆದ ಗಾಳಿ ಹೊರಗೆ ಹೋಗಿ ರಿಚ್. ಈ ಜೋಡಿ ಕಂಡರೆ ಇಸಿಯು ಕಡೆ ಕೈ ಹಾಕಲೇಬೇಡಿ, ಹೋಸ್ ಕ್ಲ್ಯಾಂಪ್ ನೋಡಿ.

ಇಂಟೇಕ್ ಲೀಕ್ ಹುಡುಕಲು ಹೊಗೆ ಯಂತ್ರಕ್ಕೆ ಸಾಟಿಯಿಲ್ಲ. ಮಿನರಲ್ ಆಯಿಲ್ ಹೊಗೆಯನ್ನು 1 ಪಿಎಸ್‌ಐಗಿಂತ ಕಡಿಮೆ ಒತ್ತಡದಲ್ಲಿ ಇಂಟೇಕ್‌ಗೆ ತುಂಬಿದರೆ ಪಿಸಿವಿ ಹೋಸ್, ಇಂಜೆಕ್ಟರ್ ಓ-ರಿಂಗ್, ಥ್ರಾಟಲ್ ಬಾಡಿ ಗ್ಯಾಸ್ಕೆಟ್ ಎಲ್ಲಿಂದ ಬೇಕಾದರೂ ಅದು ಎದ್ದು ಬರುತ್ತದೆ. ಹೆಡರ್ ಪಕ್ಕದಲ್ಲಿ ಕಾರ್ಬ್ ಕ್ಲೀನರ್ ಸಿಂಪಡಿಸಿ ಹುಡುಕುವ ಹಳೆಯ ಪದ್ಧತಿ ಬೆಂಕಿಯ ಜೊತೆ ಸರಸ.

ಕೋನ್ ಫಿಲ್ಟರ್ ಜೊತೆ ಬರುವ ದಪ್ಪ ಪೈಪು ಎಂಎಎಫ್ ಗಾಡಿಯನ್ನು ಕೆಡಿಸುವ ಬಗೆ ಬೇರೆಯೇ. ಎಂಎಎಫ್‌ನ ಬಿಸಿ ತಂತಿ ನೋಡುವುದು ಗಾಳಿಯ ವೇಗವನ್ನು. ಇಸಿಯು ಆ ವೇಗವನ್ನು ಕಂಪನಿ ಪೈಪಿನ ಅಳತೆಗೆ ಲೆಕ್ಕ ಹಾಕುತ್ತದೆ. ಒಳವ್ಯಾಸ 63 ಮಿ.ಮೀ. ಇದ್ದ ಕಡೆ 70 ಮಿ.ಮೀ. ಪೈಪು ಹಾಕಿ ಅದೇ ಸೆನ್ಸರ್ ಕೂರಿಸಿದರೆ ಅಡ್ಡಕೊಯ್ತ 1.23 ಪಟ್ಟು. ಅಷ್ಟೇ ಗಾಳಿ ಈಗ ನಿಧಾನವಾಗಿ ಹೋಗುತ್ತದೆ, ಇಸಿಯು ಸುಮಾರು 19% ಕಡಿಮೆ ಲೆಕ್ಕ ಹಾಕುತ್ತದೆ, ಟ್ರಿಮ್ +23ಕ್ಕೆ ಓಡುತ್ತದೆ. ಸೆನ್ಸರ್ ಬದಲಿಸಿದರೂ, ತೊಳೆದರೂ ಹೋಗದ ಲೀನ್ ಇದು. ಮ್ಯಾಪ್ ಬದಲಿಸಬೇಕು, ಇಲ್ಲವೇ ಹಳೆಯ ಹೌಸಿಂಗ್ ವಾಪಸ್ ಹಾಕಬೇಕು. ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್‌ಗೆ ಕೈಬಿಚ್ಚಿ ಎಣ್ಣೆ ಸುರಿದಿದ್ದರೆ ಅದೂ ತಂತಿಗೆ ಅಂಟುತ್ತದೆ. ಅದಕ್ಕೆ ಎಂಎಎಫ್ ಕ್ಲೀನರ್ ಸಾಕು, ಬ್ರೇಕ್ ಕ್ಲೀನರ್ ಬೇಡ.

ಇಂಧನದ ಕಡೆಯ ದೋಷದಲ್ಲಿ ಈ ಗೇಜ್ ತನ್ನ ಬೆಲೆ ತೀರಿಸುತ್ತದೆ. ಫುಲ್ ಥ್ರಾಟಲ್ ಲಾಗ್‌ನಲ್ಲಿ 4000ಕ್ಕೆ 0.88, 5000ಕ್ಕೆ 0.92, 6000ಕ್ಕೆ 0.97 ಎಂದು ಮೆಟ್ಟಿಲ ಹಾಗೆ ಏರಿದರೆ ಪಂಪ್ ಸೋಲುತ್ತಿದೆ, ಫಿಲ್ಟರ್ ಕಟ್ಟಿದೆ, ಇಲ್ಲವೇ ಇಂಜೆಕ್ಟರ್ ಚಿಕ್ಕದಾಯಿತು. ಮೂರನ್ನೂ ಬೇರೆ ಮಾಡಲು ಪ್ರೆಷರ್ ಗೇಜ್ ಬೇಕು. ರಿಟರ್ನ್ ಲೈನ್ ಇರುವ ಹಳೆಯ ವ್ಯವಸ್ಥೆಯಲ್ಲಿ ರೆಗ್ಯುಲೇಟರ್‌ನ ವ್ಯಾಕ್ಯೂಮ್ ಹೋಸ್ ಬಿಚ್ಚಿದಾಗ 3 ಬಾರ್ ಆಸುಪಾಸು ಬರುವುದು ವಾಡಿಕೆ, ನಿಖರ ಅಂಕಿಗೆ ಗಾಡಿಯ ಸರ್ವಿಸ್ ಮ್ಯಾನುಯಲ್ ನೋಡಿ. 3 ಬಾರ್ ಇರಬೇಕಾದ ಕಡೆ 2.5 ಬಂದರೆ ಇಂಜೆಕ್ಟರ್ ಹರಿವು ಸುಮಾರು 9% ಕಡಿಮೆ. ಬೂಸ್ಟ್ 0.8 ಬಾರ್ ಇದ್ದರೆ ಒತ್ತಡವೂ 3.8ಕ್ಕೆ ಏರಬೇಕು. ಏರದಿದ್ದರೆ ರೆಗ್ಯುಲೇಟರ್ ಹೋಸ್ ನೋಡಿ, ಆಮೇಲೆ ಪಂಪ್. ಪಂಪ್ ಬದಲಿಸುವ ಮುಂಚೆ ಲೋಡ್‌ನಲ್ಲಿ ಅದರ ಕನೆಕ್ಟರ್ ಹತ್ತಿರ ವೋಲ್ಟೇಜ್ ಅಳೆಯಿರಿ. ಬ್ಯಾಟರಿಗಿಂತ ಅರ್ಧ ವೋಲ್ಟ್‌ಗೂ ಹೆಚ್ಚು ಕುಸಿದಿದ್ದರೆ ತಪ್ಪು ವೈರ್‌ನದ್ದು, ಪಂಪ್‌ನದ್ದಲ್ಲ. ಇಂಜೆಕ್ಟರ್ ಸಾಲದ್ದನ್ನು ಲೆಕ್ಕದಲ್ಲೇ ಹಿಡಿಯಬಹುದು: 6500 ಆರ್‌ಪಿಎಂನಲ್ಲಿ ಒಂದು ಪೂರ್ತಿ ಆವರ್ತಕ್ಕೆ ಸಿಗುವುದು 18.5 ಮಿಲಿಸೆಕೆಂಡ್. ಇಂಜೆಕ್ಟರ್ ಅದರಲ್ಲಿ 17 ಮಿಲಿಸೆಕೆಂಡ್ ತೆರೆದೇ ಇದ್ದರೆ 92% ಆಯಿತು. 85% ದಾಟಿದ ಮೇಲೆ ದೊಡ್ಡ ಇಂಜೆಕ್ಟರ್ ಬಿಟ್ಟು ಬೇರೆ ದಾರಿ ಇಲ್ಲ.

ಈಗ ಗೇಜ್‌ನ ನಿಜವಾದ ಕುರುಡುಗಣ್ಣು. ನಾಲ್ಕು ಇಂಜೆಕ್ಟರ್‌ಗಳಲ್ಲಿ ಮೂರು ಸರಿ, ಒಂದು ಕಸ ಕಟ್ಟಿ 20% ಕಡಿಮೆ ಬಿಡುತ್ತಿದೆ. ನಾಲ್ಕರ ಸರಾಸರಿ 5% ಕಡಿಮೆ. ಇಸಿಯು ಟ್ರಿಮ್ +5 ಮಾಡಿ ಸರಾಸರಿಯನ್ನು ಸರಿಪಡಿಸುತ್ತದೆ, ಗೇಜ್ ಹೆಚ್ಚುಕಡಿಮೆ 1.00 ತೋರಿಸುತ್ತದೆ. ಒಳಗೆ ಮಾತ್ರ ಮೂರು ಸಿಲಿಂಡರ್ 0.95ರಲ್ಲಿ ರಿಚ್, ನಾಲ್ಕನೆಯದು 1.19ರಲ್ಲಿ ಸುಡುತ್ತಿದೆ. ಸ್ಕ್ಯಾನರ್‌ನಲ್ಲಿ +5, ಅದನ್ನು ಇ20 ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದು ಸಹಜ. ಎಂಎಪಿ ಗಾಡಿಯಲ್ಲಿ ಒಂದೇ ರನ್ನರ್ ಪಕ್ಕದ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೋದರೂ ಇದೇ ಚಿತ್ರ. ಹಿಡಿಯುವುದು ಹೇಗೆ? ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ಬಣ್ಣ ಹೋಲಿಸಿ. ತಣ್ಣಗೆ ಸ್ಟಾರ್ಟ್ ಮಾಡಿ ಒಂದು ನಿಮಿಷದೊಳಗೆ ಹೆಡರ್‌ನ ನಾಲ್ಕು ಪೈಪಿಗೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ, ಮಿಸ್ ಹೊಡೆಯುವ ಸಿಲಿಂಡರ್ ಹಿಂದೆ ಬಿದ್ದಿರುತ್ತದೆ. ಕೊನೆಗೆ ಇಂಜೆಕ್ಟರ್‌ಗಳನ್ನು ಫ್ಲೋ ಬೆಂಚ್‌ಗೆ ಹಾಕಿ ಗಾಜಿನ ಕೊಳವೆಯ ಮಟ್ಟ ನೋಡಿ. ತೊಳೆದ ಮೇಲೂ 5%ಗಿಂತ ಹೆಚ್ಚು ವ್ಯತ್ಯಾಸ ಉಳಿದರೆ ಆ ಇಂಜೆಕ್ಟರ್ ಬದಲಿಸಿ.

ಮಿಸ್‌ಫೈರ್ ಕೂಡ ಗೇಜ್‌ಗೆ ಲೀನ್ ಆಗಿಯೇ ಕಾಣುತ್ತದೆ. ಉರಿಯದ ಸಿಲಿಂಡರಿನ ಆಮ್ಲಜನಕ ಪೂರ್ತಿ ಹೊರಬರುತ್ತದೆ, ಪೆಟ್ರೋಲ್ ಕೂಡ ಬರುತ್ತದೆ, ಸೆನ್ಸರ್ ಕಣ್ಣಿಗೆ ಬೀಳುವುದು ಆಮ್ಲಜನಕ. ಓವರ್‌ಲ್ಯಾಪ್ (ಇಂಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವ ಹೊತ್ತು) ಹೆಚ್ಚಿರುವ ಕ್ಯಾಮ್ ಹಾಕಿದ ಎಂಜಿನ್ ಐಡ್ಲಿಂಗ್‌ನಲ್ಲಿ ಲೀನ್ ತೋರಿಸುವುದು ಬಹುಪಾಲು ಇದರಿಂದಲೇ. ಅಂಥ ಎಂಜಿನ್‌ಗೆ 1.00 ಹಟ ಹಿಡಿಯದೆ, ಐಡ್ಲಿಂಗ್ ನಯವಾಗಿ ನಿಲ್ಲುವ ಕಡೆ ಬಿಡುವುದೇ ಸರಿ. ಅನುಮಾನವಿದ್ದರೆ ಹೊಗೆ ತಪಾಸಣೆ ಕೇಂದ್ರದ ಗ್ಯಾಸ್ ಅನಲೈಸರ್ ಸಹಾಯಕ್ಕೆ ಬರುತ್ತದೆ. ಆಮ್ಲಜನಕ ಹೆಚ್ಚು, ಕಾರ್ಬನ್ ಮಾನಾಕ್ಸೈಡ್ ಕಡಿಮೆ, ಹೈಡ್ರೋಕಾರ್ಬನ್ ಸಾಧಾರಣ ಇದ್ದರೆ ಲೀನ್. ಆಮ್ಲಜನಕವೂ ಹೈಡ್ರೋಕಾರ್ಬನ್ನೂ ಎರಡೂ ಹಾರಿದ್ದರೆ ಮಿಸ್‌ಫೈರ್. ಕೆಲವು ನೂರು ರೂಪಾಯಿಯೊಳಗೆ ಮುಗಿಯುವ ಈ ಪರೀಕ್ಷೆ, ಇಷ್ಟು ದುಬಾರಿ ಗೇಜ್ ಹೇಳಲಾರದ್ದನ್ನು ಹೇಳುತ್ತದೆ. ಕ್ಯಾಟ್ ಇರುವ ಗಾಡಿಯಲ್ಲಿ ಅಂಕಿಗಳು ತೊಳೆದುಹೋಗಿರುತ್ತವೆ, ಅದನ್ನು ಗಮನದಲ್ಲಿಡಿ. ಹಾಗೆಂದು ಕ್ಯಾಟ್ ತೆಗೆಸಬೇಡಿ, ಅದು ಕಾನೂನಿಗೂ ವಿರುದ್ಧ, ಗಾಳಿಗೂ.

ಕೊಳ್ಳುವ ಮುಂಚೆ ಒಂದೆರಡು ದೂರುಗಳೂ ಗೊತ್ತಿರಲಿ. ಸೆನ್ಸರ್ ಸವೆಯುವ ವಸ್ತು. ಎಣ್ಣೆ ಸುಡುವ ಎಂಜಿನ್, ಹೆಡ್ ಗ್ಯಾಸ್ಕೆಟ್‌ನಿಂದ ಬರುವ ಕೂಲೆಂಟ್, ಕಂಡಕಂಡಲ್ಲಿ ಹಚ್ಚಿದ ಸಿಲಿಕೋನ್ ಎಲ್ಲವೂ ಅದರ ಆಯಸ್ಸು ತಿನ್ನುತ್ತವೆ. ಬದಲಿ ಕೊಳ್ಳುವಾಗ ಬಾಷ್ ನಂಬರ್ 0 258 017 025 ನೋಡಿ ತೆಗೆದುಕೊಳ್ಳಿ. ನಕಲಿ ಸೆನ್ಸರ್, ನಕಲಿ ಗೇಜ್ ಎರಡೂ ಮಾರುಕಟ್ಟೆಯಲ್ಲಿವೆ. ಅಸಲಿಗಿಂತ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಕ್ಕರೆ ಅಸಲಿ ಅಲ್ಲವೆಂದೇ ತಿಳಿಯಿರಿ. ಹೊಸ ಸೆನ್ಸರ್ ಬಂದ ದಿನ ಪೈಪಿಗೆ ಹಾಕುವ ಮುಂಚೆ ತೆರೆದ ಗಾಳಿಯಲ್ಲಿ ಗೇಜ್ ಆನ್ ಮಾಡಿ. ಬಿಸಿಯಾದ ಮೇಲೆ ಲೀನ್ ತುದಿಯಲ್ಲಿ ಅಲುಗಾಡದೆ ನಿಂತರೆ ಮೊದಲ ಪರೀಕ್ಷೆ ಪಾಸು. ಸೆನ್ಸರ್ ತುದಿ ಕೈ ಸುಡುತ್ತದೆ, ಸೀಟಿನ ಮೇಲೆ ಇಡಬೇಡಿ.

ಟರ್ಬೊ ಕಿಟ್, ದೊಡ್ಡ ಇಂಜೆಕ್ಟರ್, ಸ್ಟ್ಯಾಂಡ್‌ಅಲೋನ್ ಇಸಿಯು, ಕಾರ್ಬ್ಯುರೇಟರ್, ಇವುಗಳಲ್ಲಿ ಯಾವುದಾದರೂ ಒಂದು ಇರುವ ಗಾಡಿಗೆ ಈ ಗೇಜ್ ಎರಡು ಮಾತಿಲ್ಲದೆ ಹಾಕಿಸಿ. ಬರೀ ಫಿಲ್ಟರ್, ಸೈಲೆನ್ಸರ್ ಬದಲಿಸಿ ಪಿ0171 ಬಂದ 2013ರ ನಂತರದ ಗಾಡಿಗೆ ಸದ್ಯ ಬೇಡ. ಅಗ್ಗದ ಸ್ಕ್ಯಾನರ್, ಸೋಪುನೀರು, ಹೊಸ ಹೆಡರ್ ಗ್ಯಾಸ್ಕೆಟ್ ಒಂದು ತೆಗೆದುಕೊಂಡು ಶನಿವಾರ ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಕೆಲಸ ಶುರುಮಾಡಿ.